ನೀರು ತಿಳಿಯಾಗಿದೆ, ಮೀನು ಯಾಕೆ ಸಾಯುತ್ತಿದೆ?

ಹೊಸ ಅಕ್ವೇರಿಯಂ ಬಂದ ಮನೆಗಳಲ್ಲಿ ಹೆಚ್ಚುಕಮ್ಮಿ ಒಂದೇ ಕಥೆ ನಡೆಯುತ್ತದೆ. ಮೊದಲ ದಿನ ಎಲ್ಲವೂ ಚೆನ್ನ. ಗಾಜು ಹೊಳೆಯುತ್ತದೆ, ಮೀನು ಓಡಾಡುತ್ತವೆ, ಮಕ್ಕಳು ಗಾಜಿಗೆ ಮೂಗು ಒತ್ತಿಕೊಂಡು ನಿಂತಿರುತ್ತಾರೆ. ನಾಲ್ಕೈದು ದಿನ ಕಳೆಯುವಷ್ಟರಲ್ಲಿ ಒಂದು ಮೀನು ಮೂಲೆ ಹಿಡಿಯುತ್ತದೆ. ಇನ್ನೊಂದು ಮೇಲಕ್ಕೆ ಬಂದು ಬಾಯಿ ಬಿಡುತ್ತಾ ನಿಲ್ಲುತ್ತದೆ. ಎರಡನೇ ವಾರದ ಹೊತ್ತಿಗೆ ಒಂದೆರಡು ಸತ್ತಿರುತ್ತವೆ. ನೀರು ನೋಡಿದರೆ ಕನ್ನಡಿಯ ಹಾಗಿದೆ. ಮೀನಿಗೇ ಏನೋ ರೋಗ ಇತ್ತು ಅಂದುಕೊಂಡು ಬೇರೆ ಮೀನು ತಂದು ಬಿಡುತ್ತಾರೆ, ಅವೂ ಉಳಿಯುವುದಿಲ್ಲ.

ಮೀನಿನದ್ದು ಇಲ್ಲಿ ಏನೂ ತಪ್ಪಿಲ್ಲ. ನೀರು ತಿಳಿಯಾಗಿ ಕಂಡ ಮಾತ್ರಕ್ಕೆ ಅದು ಮೀನಿಗೆ ಸರಿಯಾಗಿದೆ ಅಂತಲ್ಲ. ಅವನ್ನು ಕೊಲ್ಲುವ ವಿಷಗಳಿಗೆ ಬಣ್ಣವಿಲ್ಲ, ಅಷ್ಟು ಸಣ್ಣ ಪ್ರಮಾಣದಲ್ಲಿ ವಾಸನೆಯೂ ಗೊತ್ತಾಗುವುದಿಲ್ಲ. ಅಕ್ವೇರಿಯಂ ಇಡುವುದು ಅಂದರೆ ಮೊದಲು ನೀರನ್ನು ಸಾಕುವುದು. ಆ ನೀರಿನೊಳಗೆ ಏನೇನು ನಡೆಯುತ್ತದೆ ಅಂತ ಒಮ್ಮೆ ತಿಳಿದರೆ, ಮಾಡಬೇಕಾದ ಕೆಲಸ ವಾರಕ್ಕೆ ಅರ್ಧ ಗಂಟೆಯದ್ದು.

## ಬಾಗಿಲಿಲ್ಲದ ಮನೆ

ನದಿಯಲ್ಲೋ ಕೆರೆಯಲ್ಲೋ ಮೀನು ಬಿಟ್ಟ ಕಸ ಅಗಾಧವಾದ ನೀರಿನಲ್ಲಿ ಕರಗಿ ಹೋಗುತ್ತದೆ. ತೊಟ್ಟಿಯಲ್ಲಿ ಅದು ಎಲ್ಲಿಗೂ ಹೋಗುವುದಿಲ್ಲ. ಕಿಟಕಿ, ಬಾಗಿಲು, ಬಚ್ಚಲು ಯಾವುದೂ ಇಲ್ಲದ ಕೋಣೆಯಲ್ಲಿ ಉಂಡು, ಮಲಗಿ, ಅಲ್ಲೇ ವಿಸರ್ಜಿಸಿ ಬದುಕಿದ ಹಾಗೆ ಅದು.

ಮೀನಿನ ಕಸದಲ್ಲಿ ಮುಖ್ಯವಾದದ್ದು ಅಮೋನಿಯಾ. ನಮ್ಮ ದೇಹ ಪ್ರೋಟೀನಿನ ಕಸವನ್ನು ಯೂರಿಯಾ ಮಾಡಿ ಮೂತ್ರದಲ್ಲಿ ಕಳಿಸುತ್ತದೆ. ಮೀನು ಅದನ್ನು ನೇರವಾಗಿ ಅಮೋನಿಯಾ ರೂಪದಲ್ಲೇ, ಬಹುಪಾಲು ಕಿವಿರುಗಳ ಮೂಲಕ, ನೀರಿಗೆ ಬಿಡುತ್ತದೆ. ಅಂದರೆ ಮೀನು ಉಸಿರಾಡುತ್ತಿರುವಷ್ಟು ಹೊತ್ತೂ ಅಮೋನಿಯಾ ಬರುತ್ತಲೇ ಇರುತ್ತದೆ. ಇದರ ಜೊತೆಗೆ ಮಲ, ತಿನ್ನದೆ ಬಿಟ್ಟ ಆಹಾರ, ಕೊಳೆತ ಎಲೆ, ಕಲ್ಲಿನ ಹಿಂದೆ ಸತ್ತು ಬಿದ್ದ ಬಸವನಹುಳು, ಎಲ್ಲವೂ ಕೊಳೆತಾಗ ಅದೇ ಅಮೋನಿಯಾ ಆಗುತ್ತದೆ. ನೀರಿನಲ್ಲಿ ಅದು ಜಾಸ್ತಿಯಾದರೆ ಮೀನಿನ ಕಿವಿರು ಸುಟ್ಟ ಹಾಗಾಗುತ್ತದೆ. ಸುತ್ತ ನೀರಿದ್ದರೂ ಉಸಿರು ಸಿಗುವುದಿಲ್ಲ.

ಎಷ್ಟು ಬೇಗ ಜಾಸ್ತಿಯಾಗುತ್ತದೆ ಅಂತ ಒಂದು ಲೆಕ್ಕ ಹಾಕಿ ನೋಡೋಣ. ಅದಕ್ಕೆ ಮುಂಚೆ ಒಂದು ಪದ ಗೊತ್ತಿರಲಿ. ಪಿಪಿಎಂ ಅಂದರೆ, ನಮ್ಮ ಮಟ್ಟಿಗೆ, ಒಂದು ಲೀಟರ್ ನೀರಿನಲ್ಲಿ ಎಷ್ಟು ಮಿಲಿಗ್ರಾಂ ಅಂತ. ಮೀನಿನ ಒಣ ಆಹಾರದಲ್ಲಿ 40% ಪ್ರೋಟೀನ್ ಇದೆ ಅಂದುಕೊಳ್ಳಿ. ಪ್ರೋಟೀನಿನ ತೂಕದಲ್ಲಿ ಸುಮಾರು 16% ಸಾರಜನಕ. ಅಂದರೆ 1 ಗ್ರಾಂ ಆಹಾರದಲ್ಲಿ 64 ಮಿಲಿಗ್ರಾಂ ಸಾರಜನಕ ಆಯಿತು. ಆ ಒಂದು ಗ್ರಾಂ ಯಾರೂ ತಿನ್ನದೆ ತಳದಲ್ಲಿ ಪೂರ್ತಿ ಕೊಳೆತರೆ ಸುಮಾರು 78 ಮಿಲಿಗ್ರಾಂ ಅಮೋನಿಯಾ ಹುಟ್ಟಬಹುದು. 50 ಲೀಟರ್ ತೊಟ್ಟಿಯಲ್ಲಿ ಅದು 1.5 ಪಿಪಿಎಂ ದಾಟುತ್ತದೆ. 10 ಲೀಟರ್ ಬೌಲಿನಲ್ಲಿ 8ರ ಹತ್ತಿರ. ಮೀನಿರುವ ತೊಟ್ಟಿಯಲ್ಲಿ ಇರಬೇಕಾದದ್ದು ಸೊನ್ನೆ.

ಚಿಕ್ಕ ತೊಟ್ಟಿ ನೋಡಿಕೊಳ್ಳುವುದು ಸುಲಭ ಅನ್ನುವ ನಂಬಿಕೆ ತಲೆಕೆಳಗಾಗುವುದು ಇಲ್ಲೇ. ನೀರು ಕಡಿಮೆ ಇದ್ದಷ್ಟೂ ತಪ್ಪಿಗೆ ಜಾಗ ಕಡಿಮೆ. ಅಂದಹಾಗೆ, ನಿಮ್ಮ ತೊಟ್ಟಿಯ ಅಳತೆ ಗೊತ್ತಿಲ್ಲದಿದ್ದರೆ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿ. 60, 30, 30 ಇದ್ದರೆ 54 ಲೀಟರ್. ಆದರೆ ಮೇಲೆ ಬಿಟ್ಟ ಜಾಗ, ತಳದ ಜಲ್ಲಿ, ಕಲ್ಲು ಎಲ್ಲ ಕಳೆದರೆ ನಿಜವಾದ ನೀರು 45 ಲೀಟರ್ ಇದ್ದರೆ ಹೆಚ್ಚು. ಯಾವ ಔಷಧಿ ಹಾಕುವಾಗಲೂ ಈ ಎರಡನೇ ಅಂಕಿಯನ್ನೇ ಹಿಡಿಯಬೇಕು.

## ಕಣ್ಣಿಗೆ ಕಾಣದ ಕೆಲಸಗಾರರು

ಹಾಗಾದರೆ ವರ್ಷಗಟ್ಟಲೆ ಚೆನ್ನಾಗಿ ನಡೆಯುವ ಅಕ್ವೇರಿಯಂಗಳಲ್ಲಿ ಈ ಅಮೋನಿಯಾ ಎಲ್ಲಿ ಹೋಗುತ್ತದೆ? ಬ್ಯಾಕ್ಟೀರಿಯಾ ತಿನ್ನುತ್ತವೆ.

ಇದು ಎರಡು ಮೆಟ್ಟಿಲಿನ ಕೆಲಸ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಹೆಸರು ಒಂದೇ ಥರ ಇದ್ದರೂ ಎರಡರ ಸ್ವಭಾವ ಬೇರೆ ಬೇರೆ. ನೈಟ್ರೈಟ್ ವಿಷ. ಅದು ಮೀನಿನ ರಕ್ತಕ್ಕೆ ಸೇರಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನನ್ನು ಕೆಡಿಸುತ್ತದೆ, ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ನೈಟ್ರೇಟ್ ಅದಕ್ಕೆ ಹೋಲಿಸಿದರೆ ಬಹಳ ಸೌಮ್ಯ. 20 ಪಿಪಿಎಂ ಒಳಗಿದ್ದರೆ ಒಳ್ಳೆಯದು, 40ರವರೆಗೆ ಸಾಮಾನ್ಯ ಮೀನುಗಳು ತಡೆದುಕೊಳ್ಳುತ್ತವೆ.

ನೈಟ್ರೈಟ್ ತಿನ್ನುವುದು ನೈಟ್ರೋಬ್ಯಾಕ್ಟರ್ ಅಂತ ಬಹಳ ಕಾಲ ಎಲ್ಲರೂ ಬರೆಯುತ್ತಿದ್ದರು, ಈಗಲೂ ಕೆಲವು ಕಡೆ ಹಾಗೇ ಇದೆ. ಸಿಹಿನೀರಿನ ಅಕ್ವೇರಿಯಂಗಳಲ್ಲಿ ಆ ಕೆಲಸ ಮಾಡುವುದು ನೈಟ್ರೋಸ್ಪೈರಾ ಅನ್ನುವುದು 1998ರಲ್ಲಿ ಬಂದ ಸಂಶೋಧನೆಯಿಂದ ಗೊತ್ತಾಯಿತು. ಎರಡೂ ಮೆಟ್ಟಿಲನ್ನು ತಾನೊಂದೇ ಹತ್ತುವ ನೈಟ್ರೋಸ್ಪೈರಾ ಇದೆ ಅಂತ 2015ರಲ್ಲಿ ತಿಳಿಯಿತು. ಮನೆಯಲ್ಲಿ ತೊಟ್ಟಿ ಇಡುವವರಿಗೆ ಹೆಸರುಗಳಿಗಿಂತ ಇವುಗಳ ಮೂರು ಗುಣ ಮುಖ್ಯ.

ಮೊದಲನೆಯದು, ಇವು ನೀರಿನಲ್ಲಿ ತೇಲಿಕೊಂಡು ಬದುಕುವುದಿಲ್ಲ. ಫಿಲ್ಟರಿನ ಸ್ಪಾಂಜು, ಜಲ್ಲಿ, ಕಲ್ಲು, ಗಿಡದ ಎಲೆ, ಗಾಜು, ಹೀಗೆ ಏನಾದರೂ ಒಂದಕ್ಕೆ ಅಂಟಿಕೊಂಡೇ ಇರುತ್ತವೆ. ಎರಡನೆಯದು, ಇವಕ್ಕೆ ಆಮ್ಲಜನಕ ಬೇಕೇ ಬೇಕು. ಕರೆಂಟ್ ಹೋಗಿ ಗಂಟೆಗಟ್ಟಲೆ ಫಿಲ್ಟರ್ ನಿಂತರೆ ಒಳಗೇ ಸಾಯತೊಡಗುತ್ತವೆ. ಮೂರನೆಯದು, ಇವು ಬೆಳೆಯುವುದು ಬಹಳ ನಿಧಾನ. ಹೊಟ್ಟೆಯಲ್ಲಿರುವ ಇ. ಕೊಲೈ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕರೆ 20 ನಿಮಿಷಕ್ಕೆ ಎರಡು ಪಟ್ಟು ಆಗುತ್ತದೆ. ಇವಕ್ಕೆ ಅಷ್ಟೇ ಬೆಳೆಯಲು ಒಂದು ದಿನವೋ ಇನ್ನೂ ಹೆಚ್ಚೋ ಬೇಕು. ಹೊಸ ತೊಟ್ಟಿಯಲ್ಲಿ ಸಾಕಷ್ಟು ಬ್ಯಾಕ್ಟೀರಿಯಾ ಬರಲು 4ರಿಂದ 6 ವಾರ ಹಿಡಿಯುವುದು ಅದಕ್ಕೇ. ಈ ಕಾಯುವಿಕೆಯನ್ನು ಹವ್ಯಾಸಿಗಳು ‘ಸೈಕಲ್ ಮಾಡುವುದು’ ಅನ್ನುತ್ತಾರೆ.

ಈಗ ಮೊದಲಿನ ಕಥೆಗೆ ಬನ್ನಿ. ಒಂದೇ ದಿನ ತೊಟ್ಟಿ, ನೀರು, ಹತ್ತು ಮೀನು. ಕಸ ಮಾಡುವವರು ಮೊದಲ ದಿನವೇ ಬಂದರು, ಗುಡಿಸುವವರು ಇನ್ನೂ ಹುಟ್ಟಿಲ್ಲ. ಮೊದಲ ವಾರ ಅಮೋನಿಯಾ ಏರುತ್ತದೆ. ಅದನ್ನು ತಿನ್ನುವವು ಬಂದು ಅಮೋನಿಯಾ ಇಳಿಯತೊಡಗಿದಾಗ ನೈಟ್ರೈಟ್ ಏರುತ್ತದೆ, ಅದನ್ನು ತಿನ್ನುವವು ಇನ್ನೂ ಒಂದೆರಡು ವಾರ ತಡ. ಬದುಕಿದ ಮೀನು ಮತ್ತೆ ಸಾಯುವುದು ಈ ಎರಡನೇ ಅಲೆಯಲ್ಲಿ.

## ಮೀನು ತರುವ ಮುಂಚೆ

ಎಲ್ಲಕ್ಕಿಂತ ಒಳ್ಳೆಯ ದಾರಿ ಮೀನಿಲ್ಲದೆ ಸೈಕಲ್ ಮಾಡುವುದು. ತೊಟ್ಟಿಗೆ ನೀರು ತುಂಬಿ, ಫಿಲ್ಟರ್ ಓಡಿಸಿ, ಸುಗಂಧ ಸೋಪು ಏನೂ ಬೆರೆಸದ ಅಮೋನಿಯಾ ದ್ರಾವಣವನ್ನು 2 ಪಿಪಿಎಂ ಬರುವಷ್ಟು ಹಾಕುವುದು. ಅದು ಸಿಗದಿದ್ದರೆ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯಲು ಬಿಟ್ಟರೂ ನಡೆಯುತ್ತದೆ, ಸ್ವಲ್ಪ ನಿಧಾನ ಅಷ್ಟೇ. ನೀರಿನಲ್ಲಿ ಇವು ಎಷ್ಟಿವೆ ಅಂತ ಬಣ್ಣದಿಂದ ತೋರಿಸುವ ಟೆಸ್ಟ್ ಕಿಟ್‌ನಲ್ಲಿ ಎರಡು ಮೂರು ದಿನಕ್ಕೊಮ್ಮೆ ನೋಡುತ್ತಾ ಇರಿ. ಅಮೋನಿಯಾ ಇಳಿದಾಗ ಮತ್ತೆ ಹಾಕಿ. ಹಾಕಿದ 2 ಪಿಪಿಎಂ ಅಮೋನಿಯಾ 24 ಗಂಟೆಯಲ್ಲಿ ಸೊನ್ನೆಯಾಗಿ, ನೈಟ್ರೈಟ್ ಕೂಡ ಸೊನ್ನೆ ಬಂದು, ನೈಟ್ರೇಟ್ ಮಾತ್ರ ಕಂಡರೆ ತೊಟ್ಟಿ ಸಿದ್ಧ. ಅರ್ಧದಷ್ಟು ನೀರು ಬದಲಿಸಿ ಮೀನು ತನ್ನಿ.

ಬೇಗ ಆಗಬೇಕು ಅನ್ನುವವರಿಗೆ ನಂಬಬಹುದಾದ ಒಂದು ಉಪಾಯ ಇದೆ. ಗೆಳೆಯರ ಮನೆಯಲ್ಲಿ ರೋಗವಿಲ್ಲದ ಹಳೆಯ ಅಕ್ವೇರಿಯಂ ಇದ್ದರೆ ಅದರ ಫಿಲ್ಟರ್ ಸ್ಪಾಂಜಿನ ಒಂದು ತುಂಡು ಕೇಳಿ ತಂದು, ಒಣಗಲು ಬಿಡದೆ, ನಿಮ್ಮ ಫಿಲ್ಟರಿನೊಳಗೆ ಇಡಿ. ಹಳೆಯ ತೊಟ್ಟಿಯ ನೀರು ತಂದು ಸುರಿದರೆ ಅಷ್ಟು ಪ್ರಯೋಜನ ಇಲ್ಲ, ಬ್ಯಾಕ್ಟೀರಿಯಾ ಇರುವುದು ನೀರಿನಲ್ಲಿ ಅಲ್ಲ ಅಲ್ವಾ.

ಮೀನು ಈಗಾಗಲೇ ತಂದಾಗಿದೆ ಅನ್ನುವವರೇ ಜಾಸ್ತಿ, ಗೊತ್ತು. ಹಾಗಿದ್ದರೆ ಹೊಸ ಮೀನು ಸೇರಿಸಬೇಡಿ. ಆಹಾರ ಎರಡು ದಿನಕ್ಕೊಮ್ಮೆ, ಅದೂ ಸ್ವಲ್ಪ. ದಿನಾ ಟೆಸ್ಟ್ ಮಾಡಿ, ಅಮೋನಿಯಾ ಅಥವಾ ನೈಟ್ರೈಟ್ 0.5 ಪಿಪಿಎಂ ಮುಟ್ಟಿತು ಅಂದರೆ ಅವತ್ತೇ ಕಾಲುಭಾಗದಿಂದ ಅರ್ಧದವರೆಗೆ ನೀರು ಬದಲಿಸಿ. ಒಂದು ತಿಂಗಳು ಹೀಗೆ ಶ್ರಮ ಪಟ್ಟರೆ ಮೀನು ಉಳಿಯುತ್ತವೆ.

ಮೊದಲ ವಾರಗಳಲ್ಲಿ ನೀರು ಹಾಲು ಬೆರೆಸಿದ ಹಾಗೆ ಮಬ್ಬಾದರೆ ಗಾಬರಿ ಬೇಡ. ಅದು ಬೇರೆ ಜಾತಿಯ, ಬೇಗ ಬೆಳೆಯುವ ಬ್ಯಾಕ್ಟೀರಿಯಾಗಳ ಸಂತೆ, ತಾನೇ ಕರಗುತ್ತದೆ. ಹಸಿರಾದರೆ ಪಾಚಿ, ಬೆಳಕು ಜಾಸ್ತಿ ಬೀಳುತ್ತಿದೆ. ಟೀ ಬಣ್ಣ ಬಂದರೆ ಒಳಗಿಟ್ಟ ಮರದ ತುಂಡು ಬಣ್ಣ ಬಿಡುತ್ತಿದೆ, ಅದರಿಂದ ಮೀನಿಗೆ ತೊಂದರೆ ಇಲ್ಲ.

## ಫಿಲ್ಟರ್ ತೊಳೆಯುವ ತಪ್ಪು

ನಾನೂ ಮೊದಲ ವರ್ಷ ಈ ತಪ್ಪು ಮಾಡಿದ್ದೆ. ಸ್ಪಾಂಜು ಕಂದು ಬಣ್ಣಕ್ಕೆ ತಿರುಗಿ ಗಲೀಜಾಗಿ ಕಂಡಿತು, ನಲ್ಲಿಯ ಕೆಳಗೆ ಹಿಡಿದು ಬಿಳಿಯಾಗುವವರೆಗೆ ಉಜ್ಜಿದೆ. ಜಲ್ಲಿಯನ್ನೂ ತೆಗೆದು ತೊಳೆದೆ. ‘ಫಿಲ್ಟರ್ ತೊಳೆದೆವು, ಎರಡು ವರ್ಷ ಆರಾಮಾಗಿದ್ದ ಮೀನು ಮೂರನೇ ದಿನ ಮೇಲೆ ಬಂದು ಒದ್ದಾಡುತ್ತಿದ್ದವು’ ಅಂತ ಯಾರಾದರೂ ಬರೆದ ಪತ್ರ ಓದಿದಾಗಲೆಲ್ಲ ಆ ದಿನ ನೆನಪಾಗುತ್ತದೆ. ಸ್ವಚ್ಛ ಮಾಡುತ್ತೇವೆ ಅಂದುಕೊಂಡು ನಾವು ಗುಡಿಸುವವರನ್ನೇ ಗುಡಿಸಿ ಹಾಕಿರುತ್ತೇವೆ.

ಆ ಕಂದು ಬಣ್ಣದ ಲೋಳೆಯಲ್ಲೇ ಬ್ಯಾಕ್ಟೀರಿಯಾ ಇರುವುದು. ನೀರು ಬದಲಿಸುವ ದಿನ ತೊಟ್ಟಿಯಿಂದ ತೆಗೆದ ಹಳೆಯ ನೀರನ್ನು ಒಂದು ಬಕೆಟ್‌ನಲ್ಲಿ ಇಟ್ಟುಕೊಂಡು, ಅದರಲ್ಲಿ ಸ್ಪಾಂಜನ್ನು ನಾಲ್ಕೈದು ಸಲ ಹಿಂಡಿ ಹಾಕಿದರೆ ಸಾಕು. ನೀರಿನ ಹರಿವು ಕಡಿಮೆಯಾದಾಗ ಮಾತ್ರ ಇದು ಬೇಕು, ವಾರವಾರ ಬೇಡ. ಸ್ಪಾಂಜು ಹರಿದು ಬದಲಿಸಬೇಕಾದರೆ ಹೊಸದನ್ನು ಹಳೆಯದರ ಪಕ್ಕ ಒಂದು ತಿಂಗಳು ಇಟ್ಟು ಆಮೇಲೆ ಹಳೆಯದನ್ನು ತೆಗೆಯಿರಿ. ಇಡೀ ತೊಟ್ಟಿ ಖಾಲಿ ಮಾಡಿ ತೊಳೆದು ಹೊಸ ನೀರು ತುಂಬುವ ಅಭ್ಯಾಸ ಇದ್ದರೆ ಇವತ್ತೇ ಬಿಟ್ಟುಬಿಡಿ.

## ನೀರು ಎಷ್ಟು ಬದಲಿಸಬೇಕು?

ಬ್ಯಾಕ್ಟೀರಿಯಾ ಎಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಕೊನೆಗೆ ನೈಟ್ರೇಟ್ ಉಳಿಯುತ್ತದೆ. ಗಿಡಗಳಿದ್ದರೆ ಸ್ವಲ್ಪ ಹೀರಿಕೊಳ್ಳುತ್ತವೆ, ಅವು ಅಮೋನಿಯಾವನ್ನೂ ನೇರವಾಗಿ ತೆಗೆದುಕೊಳ್ಳುತ್ತವೆ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಗೋಲ್ಡ್‌ಫಿಶ್ ಜೊತೆ ವ್ಯಾಲಿಸ್ನೇರಿಯಾ ಗಿಡ ಇಟ್ಟಿದ್ದ. ಎಲೆಗಳು ಕೊಳೆತು ನೀರು ಕೆಡತೊಡಗಿದಾಗ ಬಸವನಹುಳುಗಳನ್ನು ಬಿಟ್ಟ, ಅವು ಕೊಳೆತ ಎಲೆ ತಿಂದು ನೀರು ಸರಿಯಾಯಿತು. ಆದರೆ ನಮ್ಮ ಮನೆಯ ತೊಟ್ಟಿಗಳಲ್ಲಿ ನೀರಿಗೆ ಹೋಲಿಸಿದರೆ ಮೀನು ಜಾಸ್ತಿ, ಊಟವೂ ಜಾಸ್ತಿ. ಗಿಡ ಒಂದರಿಂದಲೇ ಲೆಕ್ಕ ಸರಿಹೋಗುವುದು ಅಪರೂಪ. ಉಳಿದದ್ದನ್ನು ನಾವೇ ತೆಗೆಯಬೇಕು.

ಸ್ವಲ್ಪ ಸ್ವಲ್ಪ ಬದಲಿಸಿದರೆ ಸಾಕಲ್ವಾ ಅಂತ ಕೇಳುತ್ತಾರೆ. ನಿಮ್ಮ ತೊಟ್ಟಿಯಲ್ಲಿ ವಾರಕ್ಕೆ 10 ಪಿಪಿಎಂ ನೈಟ್ರೇಟ್ ಹುಟ್ಟುತ್ತದೆ ಅಂದುಕೊಳ್ಳಿ. ಪ್ರತಿ ವಾರ 10% ನೀರು ಬದಲಿಸಿದರೆ ನೈಟ್ರೇಟ್ ತಿಂಗಳುಗಟ್ಟಲೆ ಮೆಲ್ಲಗೆ ಏರಿ 100ರ ಹತ್ತಿರ ಹೋಗಿ ನಿಲ್ಲುತ್ತದೆ. 25% ಬದಲಿಸಿದರೆ 40ರಲ್ಲಿ ನಿಲ್ಲುತ್ತದೆ. 50% ಬದಲಿಸಿದರೆ 20ರಲ್ಲಿ. ಹುಟ್ಟುವಷ್ಟೇ ಹೊರಗೆ ಹೋಗುವ ಹಂತ ಬಂದಾಗ ಏರಿಕೆ ನಿಲ್ಲುತ್ತದೆ, ಆ ಹಂತ ಎಲ್ಲಿ ಬರುತ್ತದೆ ಅನ್ನುವುದನ್ನು ನಿಮ್ಮ ಬಕೆಟ್ ನಿರ್ಧರಿಸುತ್ತದೆ. ಹಾಗಾಗಿ ವಾರಕ್ಕೆ ಕಾಲುಭಾಗದಿಂದ ಶುರು ಮಾಡಿ, ಟೆಸ್ಟ್ ನೋಡಿ ಹೆಚ್ಚುಕಡಿಮೆ ಮಾಡಿ. ಸೈಫನ್ ಪೈಪನ್ನು ಜಲ್ಲಿಯೊಳಗೆ ಚುಚ್ಚಿ ಎಳೆದರೆ ನೀರಿನ ಜೊತೆ ತಳದ ಕಸವೂ ಬರುತ್ತದೆ.

ಆರಿ ಹೋದಷ್ಟು ನೀರನ್ನು ತುಂಬಿಸುವುದು ನೀರು ಬದಲಿಸಿದ ಹಾಗಲ್ಲ. ಆವಿಯಾಗುವುದು ಬರೀ ನೀರು. ನೈಟ್ರೇಟ್, ಲವಣ ಎಲ್ಲ ಒಳಗೇ ಉಳಿದು ದಿನದಿನಕ್ಕೆ ಗಟ್ಟಿಯಾಗುತ್ತವೆ.

## ನಲ್ಲಿ ನೀರಿನಲ್ಲಿರುವ ಔಷಧಿ

ನಮಗಾಗಿ ರೋಗಾಣು ಕೊಲ್ಲಲು ನಲ್ಲಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಅದು ಫಿಲ್ಟರಿನ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ, ಕಿವಿರನ್ನೂ ಸುಡುತ್ತದೆ. ಬರೀ ಕ್ಲೋರಿನ್ ಆದರೆ ಅಗಲವಾದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ, ಏರ್ ಪಂಪ್ ಹಾಕಿದರೆ ಇನ್ನೂ ಬೇಗ, ಹಾರಿಹೋಗುತ್ತದೆ. ಕೆಲವು ಕಡೆ ಕ್ಲೋರಮೈನ್ ಬಳಸುತ್ತಾರೆ, ಅದು ಹಾಗೆ ಹೋಗುವುದಿಲ್ಲ. ಆಂಟಿ ಕ್ಲೋರಿನ್ ಅಂತ ಮಾರುವ ದ್ರಾವಣದಲ್ಲಿ ಸಾಮಾನ್ಯವಾಗಿ ಇರುವುದು ಸೋಡಿಯಂ ಥಯೋಸಲ್ಫೇಟ್, ಅದು ಕ್ಷಣಗಳಲ್ಲಿ ಕ್ಲೋರಿನ್ ಮುಗಿಸುತ್ತದೆ. ಕ್ಲೋರಮೈನನ್ನು ಅದು ಒಡೆದಾಗ ಮಾತ್ರ ಸ್ವಲ್ಪ ಅಮೋನಿಯಾ ಹೊರಬರುತ್ತದೆ. ಹಾಗಾಗಿ ಅಮೋನಿಯಾವನ್ನೂ ಹಿಡಿದಿಡುತ್ತದೆ ಅಂತ ಬಾಟಲಿಯ ಮೇಲೆ ಬರೆದಿರುವುದನ್ನು ಆರಿಸಿಕೊಂಡರೆ ನೆಮ್ಮದಿ. ಹೊಸ ನೀರಿನ ಬಿಸಿ ತೊಟ್ಟಿಯ ನೀರಿನಷ್ಟೇ ಇರಲಿ.

## ಪಿಹೆಚ್ ಮತ್ತು ಅದರ ಹಿಂದಿರುವ ಗಡಸುತನ

ನೀರು ಹುಳಿಯೋ ಕ್ಷಾರವೋ ಅನ್ನುವುದನ್ನು ಹೇಳುವ ಅಂಕಿ ಪಿಹೆಚ್. 7 ನಡುಮಧ್ಯ. ಒಂದು ಅಂಕಿ ಬದಲಾದರೆ ಹತ್ತು ಪಟ್ಟು ವ್ಯತ್ಯಾಸ, ಎರಡು ಬದಲಾದರೆ ನೂರು ಪಟ್ಟು. ಅಂಗಡಿಗೆ ಬರುವ ಸಾಮಾನ್ಯ ಮೀನುಗಳು 6.5ರಿಂದ 8ರವರೆಗೆ ಎಲ್ಲಿ ಬೇಕಾದರೂ ಹೊಂದಿಕೊಳ್ಳುತ್ತವೆ. ಅವುಗಳಿಗೆ ಕಷ್ಟವಾಗುವುದು ಅಂಕಿ ದಿನಕ್ಕೊಂದು ಕಡೆ ಜಿಗಿದಾಗ. ಸುಮ್ನೆ ಪಿಹೆಚ್ ಏರಿಸುವ ಇಳಿಸುವ ಬಾಟಲಿ ಸುರಿದು ಸರಿಯಾದ ಅಂಕಿ ಹುಡುಕುವುದಕ್ಕಿಂತ, ಇರುವುದನ್ನು ಇದ್ದ ಹಾಗೆ ಸ್ಥಿರವಾಗಿಡುವುದು ಮೇಲು.

ಸ್ಥಿರವಾಗಿಡುವುದು ನೀರಿನಲ್ಲಿ ಕರಗಿರುವ ಕಾರ್ಬೊನೇಟ್. ಟೆಸ್ಟ್ ಕಿಟ್‌ಗಳಲ್ಲಿ ಇದಕ್ಕೆ ಕೆಹೆಚ್, ಅಂದರೆ ಕಾರ್ಬೊನೇಟ್ ಗಡಸುತನ, ಅನ್ನುತ್ತಾರೆ. ರಸ್ತೆಯ ಗುಂಡಿ ಸವಾರನಿಗೆ ತಟ್ಟದ ಹಾಗೆ ಗಾಡಿಯ ಸ್ಪ್ರಿಂಗ್ ತಡೆಯುವಂತೆ, ತೊಟ್ಟಿಯಲ್ಲಿ ಹುಟ್ಟುವ ಆಮ್ಲವನ್ನು ಕೆಹೆಚ್ ತಡೆಯುತ್ತದೆ. ಜಿಹೆಚ್ ಅನ್ನುವುದು ಬೇರೆ, ಅದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲೆಕ್ಕ.

ಬ್ಯಾಕ್ಟೀರಿಯಾ ಅಮೋನಿಯಾ ತಿನ್ನುವಾಗ ಆಮ್ಲ ಹುಟ್ಟುತ್ತದೆ, ಅದು ಕೆಹೆಚ್ ಅನ್ನು ಸವೆಸುತ್ತಾ ಹೋಗುತ್ತದೆ. ತಿಂಗಳುಗಟ್ಟಲೆ ನೀರು ಬದಲಿಸದ ತೊಟ್ಟಿಯಲ್ಲಿ ಅದು ಪೂರ್ತಿ ಮುಗಿದು, ಒಂದು ದಿನ ಪಿಹೆಚ್ ಕುಸಿಯುತ್ತದೆ. 6ರ ಕೆಳಗೆ ಹೋದರೆ ಬ್ಯಾಕ್ಟೀರಿಯಾ ಕೆಲಸವನ್ನೇ ನಿಲ್ಲಿಸುವಷ್ಟು ನಿಧಾನವಾಗುತ್ತವೆ. ಬರೀ ಆರ್‌ಒ ನೀರು ಹಾಕುವವರಿಗೆ ಈ ಕುಸಿತ ಇನ್ನೂ ಬೇಗ ಬರುತ್ತದೆ, ಅದರಲ್ಲಿ ಕೆಹೆಚ್ ಇರುವುದೇ ಇಲ್ಲ ಅನ್ನಬಹುದು. ಮೀನಿಗೆ ಒಳ್ಳೆಯದಾಗಲಿ ಅಂತಲೇ ಅದನ್ನು ಹಾಕಿರುತ್ತಾರೆ, ಅದೇ ಬೇಸರ. ನಲ್ಲಿ ನೀರನ್ನೂ ಬೆರೆಸಿ, ಕೆಹೆಚ್ 4 ಡಿಗ್ರಿ (ಇದು ಬಿಸಿಯ ಡಿಗ್ರಿ ಅಲ್ಲ, ಗಡಸುತನದ ಅಳತೆ) ಆಸುಪಾಸು ಇರುವಂತೆ ನೋಡಿಕೊಳ್ಳಿ.

ಪಿಹೆಚ್‌ಗೂ ಅಮೋನಿಯಾಕ್ಕೂ ಒಂದು ಗುಟ್ಟಿನ ನಂಟಿದೆ. ಟೆಸ್ಟ್ ಕಿಟ್ ತೋರಿಸುವುದು ಎರಡು ರೂಪಗಳ ಒಟ್ಟು ಲೆಕ್ಕ. ಒಂದು ನಿಜವಾದ ಅಮೋನಿಯಾ, ವಿಷ. ಇನ್ನೊಂದು ಅಮೋನಿಯಂ, ಅಷ್ಟು ಅಪಾಯವಿಲ್ಲದ್ದು. 25 ಡಿಗ್ರಿ ನೀರಿನಲ್ಲಿ ಪಿಹೆಚ್ 7 ಇದ್ದರೆ ಒಟ್ಟಿನಲ್ಲಿ 0.6% ಮಾತ್ರ ವಿಷದ ರೂಪದಲ್ಲಿರುತ್ತದೆ. 8 ಆದರೆ 5% ದಾಟುತ್ತದೆ. ಪಿಹೆಚ್ ಕುಸಿದ ಹಳೆಯ ತೊಟ್ಟಿಗೆ ಒಂದೇ ಸಲ ತುಂಬಾ ಹೊಸ ನೀರು ಹಾಕಿದಾಗ ಮೀನು ಪಟಪಟ ಸಾಯುವುದಕ್ಕೆ ಇದೂ ಒಂದು ಕಾರಣ. ಪಿಹೆಚ್ ಏರಿದ ಕೂಡಲೇ, ಸುಮ್ಮನೆ ಕೂತಿದ್ದ ಅಮೋನಿಯಂ ವಿಷವಾಗಿ ಬದಲಾಗುತ್ತದೆ. ಅಂಥ ತೊಟ್ಟಿಯಲ್ಲಿ ದಿನಕ್ಕೆ 10% ಹಾಗೆ ಮೆಲ್ಲಗೆ ಬದಲಿಸಬೇಕು.

## ಉಸಿರು

20 ಡಿಗ್ರಿ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ. 30 ಡಿಗ್ರಿಯಲ್ಲಿ 7.5 ಅಷ್ಟೇ. ಬಿಸಿ ಏರಿದಾಗ ಮೀನಿಗೆ ಆಮ್ಲಜನಕ ಬೇಕಾಗುವುದು ಜಾಸ್ತಿ, ನೀರಿನಲ್ಲಿ ಸಿಗುವುದು ಕಡಿಮೆ. ಏರ್ ಪಂಪಿನ ಗುಳ್ಳೆಗಳಿಂದ ನೇರವಾಗಿ ಸೇರುವ ಆಮ್ಲಜನಕ ಅಲ್ಪ. ಗುಳ್ಳೆ ಒಡೆದು ನೀರಿನ ಮೇಲ್ಮೈ ಕಲಕುತ್ತದಲ್ಲ, ಗಾಳಿ ಸೇರುವುದು ಹೆಚ್ಚಾಗಿ ಅಲ್ಲೇ. ಫಿಲ್ಟರಿನ ಬಾಯಿ ಮೇಲ್ಮೈಯನ್ನು ಅಲುಗಾಡಿಸುವ ಹಾಗೆ ತಿರುಗಿಸಿಟ್ಟರೆ ಅರ್ಧ ಕೆಲಸ ಆಯಿತು. ರಾತ್ರಿ ಬೆಳಕಿಲ್ಲದಾಗ ಗಿಡಗಳೂ ಆಮ್ಲಜನಕ ಬಳಸುತ್ತವೆ, ಹಾಗಾಗಿ ಗಿಡ ತುಂಬಿದ ತೊಟ್ಟಿಯಲ್ಲಿ ರಾತ್ರಿ ಪಂಪ್ ನಿಲ್ಲಿಸಬೇಡಿ. ಬೆಟ್ಟಾ, ಗೌರಾಮಿ ಮೇಲೆ ಬಂದು ಗಾಳಿ ನುಂಗುವುದು ಸಹಜ, ಅವಕ್ಕೆ ಅದಕ್ಕೆಂದೇ ಅಂಗ ಇದೆ. ಉಳಿದ ಮೀನುಗಳು ಹಾಗೆ ಮಾಡಿದರೆ ಅದು ಸಹಾಯಕ್ಕೆ ಕೂಗಿದ ಹಾಗೆ.

## ಮೀನು ಒದ್ದಾಡುತ್ತಿದ್ದರೆ ಆ ಹೊತ್ತಿಗೆ ಏನು ಮಾಡಬೇಕು?

ಔಷಧಿ ಬಾಟಲಿಗೆ ಕೈ ಹಾಕಬೇಡಿ. ಮೊದಲು ಏರ್ ಪಂಪ್ ಹಾಕಿ. ಸತ್ತದ್ದು, ಕೊಳೆತದ್ದು ಇದ್ದರೆ ತೆಗೆಯಿರಿ. ಅಮೋನಿಯಾ, ನೈಟ್ರೈಟ್, ಪಿಹೆಚ್ ಮೂರನ್ನೂ ಟೆಸ್ಟ್ ಮಾಡಿ. ಹನಿ ಹಾಕುವ ಕಿಟ್ ಇದ್ದರೆ ಅದೇ ವಾಸಿ, ನೀರಿಗೆ ಅದ್ದುವ ಪಟ್ಟಿಗಳ ಬಣ್ಣ ಓದುವುದು ಕಷ್ಟ. ಪಿಹೆಚ್ ಕುಸಿದಿಲ್ಲ, ಅಮೋನಿಯಾ ಅಥವಾ ನೈಟ್ರೈಟ್ ಕಾಣುತ್ತಿದೆ ಅಂದರೆ ಕ್ಲೋರಿನ್ ತೆಗೆದ, ಅದೇ ಬಿಸಿಯ ನೀರಿನಿಂದ ಅರ್ಧ ತೊಟ್ಟಿ ಬದಲಿಸಿ. ಪಿಹೆಚ್ ಕುಸಿದಿದ್ದರೆ ಮೇಲೆ ಹೇಳಿದ ಹಾಗೆ ದಿನಕ್ಕೆ 10% ಮಾತ್ರ. ನೈಟ್ರೈಟ್ ಇದ್ದರೆ 10 ಲೀಟರಿಗೆ 1 ಗ್ರಾಂ ಲೆಕ್ಕದಲ್ಲಿ ಬೇರೇನೂ ಬೆರೆಸದ ಉಪ್ಪು ಕರಗಿಸಿ ಹಾಕಬಹುದು. ಉಪ್ಪಿನ ಕ್ಲೋರೈಡ್ ಕಿವಿರಿನಲ್ಲಿ ನೈಟ್ರೈಟಿಗೆ ಅಡ್ಡ ನಿಲ್ಲುತ್ತದೆ. ಎರಡು ದಿನ ಊಟ ಬೇಡ, ಆರೋಗ್ಯವಾಗಿರುವ, ಬೆಳೆದ ಮೀನುಗಳು ಅಷ್ಟು ದಿನ ಹಸಿವು ತಡೆಯುತ್ತವೆ. ಫಿಲ್ಟರ್ ಮುಟ್ಟಬೇಡಿ.

ಮರುದಿನ ಮತ್ತೆ ಟೆಸ್ಟ್ ಮಾಡಿ. ಅರ್ಧ ನೀರು ಬದಲಿಸಿದ್ದರಿಂದ ವಿಷವೂ ಅರ್ಧಕ್ಕೆ ಮಾತ್ರ ಇಳಿದಿರುತ್ತದೆ, ಅಷ್ಟರಲ್ಲಿ ಹೊಸದೂ ಸ್ವಲ್ಪ ಸೇರಿರುತ್ತದೆ. ಅದಕ್ಕೇ ಇನ್ನೊಮ್ಮೆ, ಬೇಕಾದರೆ ಮೂರನೇ ದಿನವೂ, ಎರಡೂ ಅಂಕಿ ಸೊನ್ನೆಗೆ ಬರುವವರೆಗೆ ಬದಲಿಸಿ. ಮೊದಲ ಬದಲಾವಣೆಯಾದ ಕೆಲವು ಗಂಟೆಗಳಲ್ಲೇ ಮೀನು ಮೇಲ್ಮೈ ಬಿಟ್ಟು ನಡುನೀರಿಗೆ ಇಳಿದರೆ, ಕಾರಣ ನೀರೇ ಆಗಿತ್ತು ಅಂತ ಹೆಚ್ಚುಕಮ್ಮಿ ಖಾತ್ರಿ.